ಹೆಸರಿಲ್ಲದ ಪಟಗಳು

ಕಳೆದ ವಾರ ವೃದ್ಧ ಗೃಹಸ್ಥರೊಬ್ಬರು ನಮ್ಮ ಕಾರ್ಯಾಲಯಕ್ಕೆ ದಯಮಾಡಿಸಿದ್ದರು. ಎಂಬತ್ತನ್ನು ದಾಟಿದ ವಯಸ್ಸು. ಹೆಗಲಿಗೆ ಖಾದಿಯ ಚೀಲ. ಧೋತರದ ತುಂಡಿನಲ್ಲಿ ಸುತ್ತಿ ತಂದಿದ್ದ ಒಂದು ಫೋಟೋವನ್ನು ಮೆಲ್ಲಗೆ ಬಿಚ್ಚಿ ನಮ್ಮ ಮೇಜಿನ ಮೇಲಿಟ್ಟರು. ದಪ್ಪ ರಟ್ಟಿಗೆ ಅಂಟಿಸಿದ ಚಿತ್ರ. ಅಂಚೆಲ್ಲ ಹಳದಿಗಟ್ಟಿದೆ, ಒಂದು ಮೂಲೆಯನ್ನು ಹುಳು ತಿಂದಿದೆ. ಬಿಳಿಯ ಟೊಪ್ಪಿಗೆ ತೊಟ್ಟ ಹನ್ನೊಂದು ಮಂದಿ ತರುಣರು ಎರಡು ಸಾಲಾಗಿ ನಿಂತಿರುವರು. ಹಿಂಬದಿಯಲ್ಲಿ ಪೆನ್ಸಿಲಿನಿಂದ ‘ಬೆಳಗಾವಿ, 1924’ ಎಂದಿಷ್ಟೇ ಬರೆದಿದೆ. “ಎಡದಿಂದ ಮೂರನೆಯವರು ನಮ್ಮ ತಂದೆಯವರು. ಉಳಿದ ಹತ್ತು ಮಂದಿ ಯಾರೆಂಬುದನ್ನು ತಾವು ಪತ್ರಿಕೆಯ ಮೂಲಕ ವಿಚಾರಿಸಿಕೊಡಬೇಕು” ಎಂದರು. ತಂದೆಯವರು ಆ ಹೆಸರುಗಳನ್ನು ಹೇಳಿರಲಿಲ್ಲವೇ ಎಂದು ನಾವು ಕೇಳಿದೆವು. ಅವರು ತುಸು ಹೊತ್ತು ಸುಮ್ಮನಿದ್ದು, “ಹೇಳುತ್ತಿದ್ದರು. ನಾವು ಕೇಳಿಸಿಕೊಳ್ಳಲಿಲ್ಲ” ಎಂದರು.

1924ರ ಡಿಸೆಂಬರಿನಲ್ಲಿ ಬೆಳಗಾವಿಯಲ್ಲಿ ಸೇರಿದ ಕಾಂಗ್ರೆಸ್ ಅಧಿವೇಶನದ ಮಹತ್ತ್ವವನ್ನು ಕನ್ನಡಿಗರಿಗೆ ಹೊಸದಾಗಿ ಹೇಳಬೇಕಾಗಿಲ್ಲ. ಮಹಾತ್ಮರು ತಮ್ಮ ಜೀವಮಾನದಲ್ಲಿ ಅಧ್ಯಕ್ಷಸ್ಥಾನವನ್ನು ವಹಿಸಿದ ಅಧಿವೇಶನ ಅದೊಂದೇ. ಗಂಗಾಧರರಾವ್ ದೇಶಪಾಂಡೆಯವರು ವ್ಯವಸ್ಥೆಯ ಭಾರವನ್ನು ಹೊತ್ತರು. ಡಾಕ್ಟರ್ ಹರ್ಡೀಕರರು ಸ್ವಯಂಸೇವಕರನ್ನು ಅಣಿಗೊಳಿಸಿದರು. ನೀರಿಗಾಗಿ ಅಂದು ತೋಡಿಸಿದ ಬಾವಿಯನ್ನು ಜನರು ಇಂದಿಗೂ ಕಾಂಗ್ರೆಸ್ ಬಾವಿಯೆಂದೇ ಕರೆಯುವರು. 2024ರಲ್ಲಿ ಅದರ ಶತಮಾನೋತ್ಸವವೂ ನಡೆಯಿತು. ಆದರೆ ಬಾವಿಗೆ ಹೆಸರುಳಿದ ದೇಶದಲ್ಲಿ, ಅಂಥ ಬಾವಿಯಿಂದ ನೀರು ಹೊತ್ತ ಹುಡುಗರಿಗೆ ಹೆಸರುಳಿಯಲಿಲ್ಲ. ಇದು ಸರಕಾರದ ತಪ್ಪೆಂದು ಹೇಳಿ ಕೈತೊಳೆದುಕೊಳ್ಳಲು ಬರುವಂತಿಲ್ಲ. ಇದು ಮನೆಮನೆಯ ತಪ್ಪು. ನಮ್ಮದೂ ಅದರಲ್ಲಿ ಸೇರಿದೆ.

ನಮ್ಮ ಮನೆಯಲ್ಲಿಯೂ ಇಂಥದೊಂದು ಪಟವುಂಟು. ಮದುವೆಯ ಚಪ್ಪರದ ಮುಂದೆ ಗಂಡಸರೆಲ್ಲರೂ ಕುರ್ಚಿಗಳಲ್ಲಿ ಕುಳಿತಿರುವರು. ಹೆಂಗಸರು ಹಿಂದೆ ನಿಂತಿರುವರು. ಹಿಂಬದಿಯಲ್ಲಿ ನಮ್ಮ ತಾತನವರು ಗಂಡಸರ ಹೆಸರುಗಳನ್ನೆಲ್ಲ ಅಂದವಾದ ಅಕ್ಷರಗಳಲ್ಲಿ ಬರೆದು, ಕೊನೆಗೆ ‘ಮತ್ತು ಮನೆಯ ಹೆಂಗಸರು’ ಎಂದು ಮುಗಿಸಿದ್ದಾರೆ. ಆ ಹೆಂಗಸರಲ್ಲಿ ನಮ್ಮ ಅಜ್ಜಿಯೂ ಒಬ್ಬರು. ಮದುವೆಯಲ್ಲಿ ಸೊಸೆಗೆ ಹೊಸ ಹೆಸರಿಡುವ ವಾಡಿಕೆ ನಮ್ಮಲ್ಲಿ ಹಲವು ಮನೆತನಗಳಲ್ಲಿದ್ದಿತು. ತವರಿನಲ್ಲಿ ಅಜ್ಜಿಯನ್ನು ಏನೆಂದು ಕರೆಯುತ್ತಿದ್ದರೆಂಬುದು ನಮಗೆ ತಿಳಿಯದು. ಹದಿನೆಂಟು ವರ್ಷ ಅವರ ಕೈತುತ್ತನ್ನು ಉಂಡೆವು; ಒಂದು ದಿನವಾದರೂ ಕೇಳಲಿಲ್ಲ. ಇಂದು ಕೇಳೋಣವೆಂದರೆ ಹೇಳಬಲ್ಲವರು ಒಬ್ಬರೂ ಉಳಿದಿಲ್ಲ.

ಹಳೆಯ ಕಾಲದವರಿಗೆ ಈ ವಿಷಯದಲ್ಲಿ ನಮಗಿಂತ ಹೆಚ್ಚಿನ ಎಚ್ಚರವಿದ್ದಿತು. ಫೋಟೋ ಎಂಬುದೇ ಇಲ್ಲದಿದ್ದ ದಿನಗಳಲ್ಲಿಯೂ ಹೆಳವರು ಎತ್ತನ್ನೇರಿ ಊರೂರಿಗೆ ಬಂದು, ಒಕ್ಕಲುಮಕ್ಕಳ ಅಂಗಳದಲ್ಲಿ ನಿಂತು, ಆ ಮನೆಯ ವಂಶಾವಳಿಯನ್ನು ತಲೆತಲಾಂತರದಿಂದ ಎಣಿಸಿ ಹೇಳುತ್ತಿದ್ದರು. ಮೂಲ ಯಾವ ಊರು, ಬಂದವರು ಯಾರು, ಕವಲಾದವರು ಯಾರು ಎಂಬುದೆಲ್ಲವೂ ಅವರ ನಾಲಗೆಯ ಮೇಲಿರುತ್ತಿದ್ದಿತು. ಮನೆಯವರು ಅವರಿಗೆ ದವಸಧಾನ್ಯಗಳನ್ನು ಕೊಟ್ಟು, ತಮ್ಮ ಮನೆಯಲ್ಲಿ ಹುಟ್ಟಿದ ಮಕ್ಕಳ ಹೆಸರುಗಳನ್ನು ಆ ಸಾಲಿಗೆ ಸೇರಿಸಿ ಕಳುಹಿಸುತ್ತಿದ್ದರು. ಶ್ರಾದ್ಧದ ದಿನ ಪುರೋಹಿತರು ತಂದೆ, ಅಜ್ಜ, ಮುತ್ತಜ್ಜ ಎಂಬ ಮೂರು ತಲೆಗಳ ಹೆಸರನ್ನು ಕೇಳಿಯೇ ಕೇಳುವರು. ಇಂದು ಆ ಪ್ರಶ್ನೆಗೆ ಪದವೀಧರರಾದ ಮಹನೀಯರು ಮೂರನೆಯ ಹೆಸರಿಗೇ ತಡವರಿಸಿ, ಒಳಮನೆಯಲ್ಲಿರುವ ಮುದುಕಿಯ ಕಡೆಗೆ ನೋಡುವುದನ್ನು ನಾವು ಕಣ್ಣಾರೆ ಕಂಡಿದ್ದೇವೆ. ಆ ಮುದುಕಿಯೂ ಇಲ್ಲವಾದ ಮೇಲೆ ಯಾರ ಕಡೆಗೆ ನೋಡುವರೋ ಕಾಣೆವು.

ಈಗಿನವರು ಇದಕ್ಕೊಂದು ಸಮಾಧಾನವನ್ನು ಹೇಳುವುದುಂಟು. “ನಮ್ಮ ಮೊಬೈಲಿನಲ್ಲಿ ಸಾವಿರಾರು ಫೋಟೋಗಳಿವೆ, ಹಳೆಯವನ್ನೂ ಅದರಲ್ಲಿಯೇ ಸೇರಿಸಿ ನೆಂಟರಿಗೆಲ್ಲ ಕಳುಹಿಸಿದ್ದೇವೆ, ಇನ್ನೇನು ಬೇಕು?” ಎನ್ನುವರು. ಪಟದ ಪ್ರತಿಯನ್ನು ಹಂಚುವುದು ಒಳ್ಳೆಯದೇ. ಮನೆ ಪಾಲಾದಾಗ ತಾಮ್ರದ ಹಂಡೆ ಒಬ್ಬನಿಗೆ, ತೊಟ್ಟಿಲು ಇನ್ನೊಬ್ಬನಿಗೆ ಹೋಗುವುದು. ಹಿರಿಯರ ಪಟಗಳು ಹಿರಿಯ ಮಗನ ಗೋಡೆಗೆ ಸೇರಿ, ಉಳಿದ ಮಕ್ಕಳ ಸಂತತಿಗೆ ಮುತ್ತಜ್ಜನ ಮುಖವೇ ಕಾಣದೆ ಹೋಗುವುದು. ವಿದ್ಯೆಯ ಹಾಗೆ ಪಟವೂ ಹಂಚಿದರೆ ಸವೆಯತಕ್ಕ ಸೊತ್ತಲ್ಲ. ಆದರೆ ಹೆಸರಿಲ್ಲದೆ ಕಳುಹಿಸಿದ ಪಟ ವಿಳಾಸವಿಲ್ಲದ ಕಾಗದದಂತೆ. ನೋಡಿದವರು ಕೈಮುಗಿದ ಗುರುತೊಂದನ್ನು ಒತ್ತಿ ಮುಂದಕ್ಕೆ ಹೋಗುವರು. ನಾಳೆ ಆ ಯಂತ್ರವು ಕೆಟ್ಟರೆ ಪಟವೂ ಹೋಯಿತು. ಕೆಡದೆ ಉಳಿದರೂ ಹತ್ತು ಸಾವಿರ ಚಿತ್ರಗಳ ನಡುವೆ ಅದನ್ನು ಹುಡುಕುವವರಾರು? ಹಿರಿಯರ ಪಕ್ಕದಲ್ಲಿ ಕುಳಿತು, ಒಂದೊಂದು ಮುಖದ ಮೇಲೆ ಬೆರಳಿಟ್ಟು, “ಇವರು ಯಾರು?” ಎಂದು ಕೇಳಿ ಬರೆದಿಟ್ಟುಕೊಂಡಾಗಲೇ ಪಟವು ಒಂದು ತಲೆಯಿಂದ ಇನ್ನೊಂದು ತಲೆಗೆ ಸಂದಂತಾಗುವುದು.

ಇದರಿಂದ ಆಯಾ ಮನೆಗೆ ಮಾತ್ರವೇ ಲಾಭವೆಂದು ತಿಳಿಯಲಾಗದು. 1905ರ ಸುಮಾರಿಗೆ ತಂಜಾವೂರು ಜಿಲ್ಲೆಯ ಪಂಡಿತರೊಬ್ಬರು ಮೈಸೂರಿನ ಓರಿಯಂಟಲ್ ಲೈಬ್ರರಿಗೆ ಒಪ್ಪಿಸಿದ ತಾಳೆಗರಿಯ ಕಟ್ಟಿನಲ್ಲಿಯೇ ಅಲ್ಲವೇ ಆರ್. ಶಾಮಶಾಸ್ತ್ರಿಗಳಿಗೆ ಕೌಟಿಲ್ಯನ ಅರ್ಥಶಾಸ್ತ್ರವು ದೊರಕಿದುದು? 1909ರಲ್ಲಿ ಅದು ಅಚ್ಚಾಗಿ ಹೊರಬಂದ ಮೇಲೆ ಪ್ರಾಚೀನ ಭಾರತದ ರಾಜ್ಯನೀತಿಯನ್ನು ಕುರಿತ ಲೋಕದ ಅಭಿಪ್ರಾಯವೇ ಬದಲಾಯಿತು. ಒಬ್ಬರ ಬಳಿಯಿದ್ದ ಕಟ್ಟೊಂದು ದೇಶದ ಭಂಡಾರವಾಯಿತು. ನಮ್ಮ ಕಾಲದಲ್ಲಿಯೂ ಇಂಥ ಕೆಲಸ ನಡೆಯದೆ ಇಲ್ಲ. ಅನುಷಾ ಯಾದವ್ ಅವರು 2010ರಲ್ಲಿ ಆರಂಭಿಸಿದ ‘ಇಂಡಿಯನ್ ಮೆಮೊರಿ ಪ್ರಾಜೆಕ್ಟ್’ ಎಂಬ ಸಂಗ್ರಹವು ಮನೆಗಳ ಹಳೆಯ ಪಟಗಳನ್ನು, ಆ ಮನೆಯವರೇ ಹೇಳಿದ ವೃತ್ತಾಂತಗಳ ಸಹಿತ ಕೂಡಿಸುತ್ತಿದೆ. 2017ರಲ್ಲಿ ಅಮೃತಸರದಲ್ಲಿ ತೆರೆದ ದೇಶವಿಭಜನೆಯ ವಸ್ತುಸಂಗ್ರಹಾಲಯದಲ್ಲಿ, ಮನೆಮಾರು ಬಿಟ್ಟು ಬಂದ ಜನರು ಜೊತೆಗೆ ತಂದಿದ್ದ ಸಾಮಾನುಗಳೂ ಅವರ ನೆನಪುಗಳೂ ಸೇರಿವೆ. ಹಾಗಾದರೆ 1930ರಲ್ಲಿ ಅಂಕೋಲೆಯಲ್ಲಿ ಉಪ್ಪು ಮಾಡಿದವರು, ಕರನಿರಾಕರಣದಲ್ಲಿ ಭೂಮಿಯನ್ನು ಕಳೆದುಕೊಂಡ ಸಿದ್ದಾಪುರದ ರೈತರು, 1938ರಲ್ಲಿ ವಿದುರಾಶ್ವತ್ಥದಲ್ಲಿ ಗುಂಡಿಗೆ ಎದೆಗೊಟ್ಟವರು, 1942ರ ಈಸೂರಿನವರು — ಇವರೆಲ್ಲರ ಮುಖಗಳು ಯಾವ ಯಾವ ಮನೆಯ ಟ್ರಂಕುಗಳಲ್ಲಿ ಹೆಸರಿಲ್ಲದೆ ಬಿದ್ದಿವೆಯೋ! ಮುಖಂಡರ ಚರಿತ್ರೆಯನ್ನು ಬರೆಯುವವರಿದ್ದಾರೆ. ಸಾಲಿನಲ್ಲಿ ನಿಂತವರ ಚರಿತ್ರೆಯನ್ನು ಅವರ ಮೊಮ್ಮಕ್ಕಳಲ್ಲದೆ ಮತ್ತಾರು ಬರೆಯಬೇಕು?

ಕೆಲಸವೇನೂ ಕಷ್ಟದ್ದಲ್ಲ, ದುಡ್ಡೂ ಬೇಕಾಗಿಲ್ಲ. ಪಟದ ಹಿಂಬದಿಯಲ್ಲಿ, ಅಂಚಿನ ಬಳಿ, ಮೆತ್ತನೆಯ ಪೆನ್ಸಿಲಿನಿಂದ ಹಗುರವಾಗಿ ಎಡದಿಂದ ಬಲಕ್ಕೆ ಹೆಸರುಗಳನ್ನೂ, ಊರನ್ನೂ, ವರ್ಷವನ್ನೂ ಬರೆಯತಕ್ಕದ್ದು. ಬಾಲ್‌ಪೆನ್ನಿನಿಂದ ಒತ್ತಿ ಬರೆದರೆ ಮುಂಬದಿಗೆ ಗೀರು ಮೂಡುವುದು. ಹೆಂಗಸರ ವಿಷಯದಲ್ಲಿ ‘ಇಂಥವರ ಪತ್ನಿ’ ಎಂದು ಬರೆದು ಬಿಡದೆ, ಅವರ ಸ್ವಂತ ಹೆಸರನ್ನೂ ತವರೂರನ್ನೂ ಬರೆಯಬೇಕು. ಮಳೆಗಾಲದಲ್ಲಿ ನೀರೂರುವ ಗೋಡೆಗೆ ಪಟವನ್ನು ತೂಗುಹಾಕಬಾರದು. ತೇವದಿಂದ ಚಿತ್ರವು ಗಾಜಿಗೆ ಅಂಟಿಕೊಂಡರೆ ಬಿಡಿಸುವುದು ದುಸ್ತರ. ಅಂಟುಹಾಳೆಯ ಆಲ್ಬಮ್ಮುಗಳನ್ನೂ ನಂಬಬಾರದು. 1970ರ, 80ರ ದಶಕಗಳ ಬಣ್ಣದ ಫೋಟೋಗಳಂತೂ ಅನೇಕ ಮನೆಗಳಲ್ಲಿ ಹಳೆಯ ಕಪ್ಪುಬಿಳುಪಿನವಕ್ಕಿಂತ ಬೇಗನೆ ಮಾಸುತ್ತಿರುವುದರಿಂದ ಅವುಗಳ ಪ್ರತಿಯನ್ನು ಮೊದಲು ತೆಗೆದಿಡುವುದು ಒಳ್ಳೆಯದು. ಪ್ರತಿ ತೆಗೆಯುವಾಗ ಮುಂಬದಿಯ ಜೊತೆಗೆ ಬರಹವಿರುವ ಹಿಂಬದಿಯನ್ನೂ ತೆಗೆಯಬೇಕು.

ಇದಕ್ಕೆ ದಿನವನ್ನೂ ಹುಡುಕಬೇಕಾಗಿಲ್ಲ. ಮಹಾಲಯ ಅಮಾವಾಸ್ಯೆಯಂದು ನಮ್ಮ ನಾಡಿನ ಎಷ್ಟೋ ಮನೆಗಳಲ್ಲಿ ಹಿರಿಯರಿಗೆ ಎಡೆಯಿಡುವ ಪದ್ಧತಿಯಿದೆ. ಬಂಧುಗಳು ಸೇರಿದ ಆ ದಿನ, ಊಟವಾದ ಮೇಲೆ, ಟ್ರಂಕಿನೊಳಗಿನ ಪಟಗಳನ್ನೆಲ್ಲ ಚಾಪೆಯ ಮೇಲೆ ಹರಡಲಿ. ಮನೆಯ ಅತ್ಯಂತ ಹಿರಿಯರು ಹೇಳಲಿ. ಅತ್ಯಂತ ಚಿಕ್ಕ ಅಕ್ಷರಸ್ಥ ಮಗು ಬರೆದುಕೊಳ್ಳಲಿ. ಹಿರಿಯರು ಒಂದು ಹೆಸರನ್ನು ಹೇಳಹೋಗಿ ಹತ್ತು ಕತೆಗಳನ್ನು ಹೇಳಿದರೆ ಬೇಸರಪಡಲಾಗದು. ಇಟ್ಟ ಎಡೆಯನ್ನು ಹಿರಿಯರು ಉಣ್ಣುವರೋ ಇಲ್ಲವೋ ನಾವು ವಾದಿಸಲಾರೆವು. ಅವರ ಹೆಸರನ್ನು ಅಂದು ಒಂದು ಮಗುವು ಕಲಿತರೆ ಅದು ತರ್ಪಣವಲ್ಲವೆಂದು ಯಾವ ಶಾಸ್ತ್ರಜ್ಞರೂ ಹೇಳಲಾರರು.

ಇನ್ನು ಆ ವೃದ್ಧರ ಪಟದ ವಿಷಯ. ಅದನ್ನು ಬರುವ ಭಾನುವಾರದ ಸಂಚಿಕೆಯಲ್ಲಿ ಅಚ್ಚುಹಾಕಿಸುವೆವು. ಆ ಕಾಲದಲ್ಲಿ ಗುಂಪಿನ ಫೋಟೋ ತೆಗೆಸಿದರೆ, ಕೈಲಾದವರು ತಮಗೊಂದು ಪ್ರತಿಯನ್ನು ಕೊಂಡುಕೊಳ್ಳುವುದು ವಾಡಿಕೆ. ಆದಕಾರಣ ಕನ್ನಡನಾಡಿನ ಬೇರೆ ಯಾವುದೋ ಮನೆಯಲ್ಲಿ, ಹಳೆಯ ಟ್ರಂಕಿನ ತಳದಲ್ಲಿ, ಇದೇ ಪಟವು ಇದ್ದಿರಲೂಬಹುದು. ಅಲ್ಲಿಯೂ ಯಾರೋ ಒಬ್ಬರು, “ಇವರೊಬ್ಬರು ನಮ್ಮ ಅಜ್ಜ, ಉಳಿದವರನ್ನು ಅರಿಯೆವು” ಎನ್ನುತ್ತಿರಬಹುದು. ಹನ್ನೊಂದು ಮನೆಗಳವರು ತಮಗೆ ತಿಳಿದ ಒಂದೊಂದು ಹೆಸರನ್ನು ತಂದು ಕೂಡಿಸಿದರೆ ಹನ್ನೊಂದು ಮಂದಿಯೂ ಗುರುತಾಗುವರು. ವಾಚಕರು ದಯಮಾಡಿ ತಮ್ಮ ಟ್ರಂಕುಗಳನ್ನು ತೆರೆಯಬೇಕು. ಅದಕ್ಕಿಂತ ಮೊದಲು, ಮನೆಯಲ್ಲಿ ಇನ್ನೂ ಹೇಳಬಲ್ಲವರು ಇದ್ದರೆ, ಅವರ ಪಕ್ಕದಲ್ಲಿ ಹೋಗಿ ಕುಳಿತುಕೊಳ್ಳಬೇಕು. ಆ ವೃದ್ಧರು ಹೊರಡುವಾಗ ಪಟವನ್ನು ನಮ್ಮ ಬಳಿ ಬಿಟ್ಟು, “ಬೇಗನೆ ಹಾಕಿಸಿರಿ, ನನಗೆ ಹೆಚ್ಚು ಕಾಲವಿಲ್ಲ” ಎಂದರು.