ವಿಂಡೋಸ್ ಬಿಟ್ಟು ಲಿನಕ್ಸ್ ಹಿಡಿದರೆ ಕಡತಗಳು ಭದ್ರವೇ?

ಸರ್ಕಾರಿ ಅಧಿಕಾರಿಯೊಬ್ಬರಿಗೆ ಸಭೆಯ ಸೂಚನಾಪತ್ರವೊಂದು ಇ-ಮೇಲ್‌ನಲ್ಲಿ ಬರುತ್ತದೆ. ಜೊತೆಗಿರುವ ಜಿಪ್ ಕಡತವನ್ನು ಬಿಡಿಸಿದರೆ ಒಳಗೆ ಪಿಡಿಎಫ್‌ನಂತೆ ಕಾಣುವ ಇನ್ನೊಂದು ಕಡತ. ಕ್ಲಿಕ್ಕಿಸಿದ ಕೂಡಲೇ ದಾಖಲೆ ತೆರೆದುಕೊಳ್ಳುತ್ತದೆ. ಅನುಮಾನಕ್ಕೆ ಆಸ್ಪದವೇ ಇಲ್ಲ. ಆದರೆ ಅಷ್ಟರಲ್ಲೇ ತೆರೆಮರೆಯಲ್ಲಿ ಬೇಹುಗಾರಿಕೆಯ ತಂತ್ರಾಂಶವೊಂದು ಗಣಕಕ್ಕೆ ಇಳಿದು, ಯಂತ್ರ ಚಾಲೂ ಆದಾಗಲೆಲ್ಲ ತಾನೂ ಚಾಲೂ ಆಗುವಂತೆ ವ್ಯವಸ್ಥೆ ಮಾಡಿಕೊಂಡಿರುತ್ತದೆ. ಪಾಕಿಸ್ತಾನ ಮೂಲದ್ದೆಂದು ಗುರುತಿಸಲಾಗಿರುವ ‘ಟ್ರಾನ್ಸ್‌ಪರೆಂಟ್ ಟ್ರೈಬ್’ ಗುಂಪು ಭಾರತದ ಸರ್ಕಾರಿ ಕಚೇರಿಗಳ ಮೇಲೆ ನಡೆಸಿದ ಇಂಥ ದಾಳಿಯನ್ನು ಸೈಬರ್ ಭದ್ರತಾ ಸಂಸ್ಥೆ ಸೈಫರ್ಮಾ 2025ರ ಆಗಸ್ಟ್‌ನಲ್ಲಿ ಬಯಲಿಗೆಳೆಯಿತು.

ಇಂಥ ವಂಚನೆ ಹೊಸತೇನಲ್ಲ. ಗಮನಿಸಬೇಕಾದದ್ದು ಅದರ ಗುರಿಯನ್ನು. ಆ ಕಡತವನ್ನು ಹೆಣೆದಿದ್ದು ವಿಂಡೋಸ್ ಗಣಕಗಳಿಗಾಗಿ ಅಲ್ಲ. ಕೇಂದ್ರ ಸರ್ಕಾರದ ಸಿ-ಡ್ಯಾಕ್ ಸಂಸ್ಥೆ ಡೆಬಿಯನ್ ಆಧರಿಸಿ ರೂಪಿಸಿದ, 2007ರಿಂದ ಬಳಕೆಯಲ್ಲಿರುವ ‘ಬಾಸ್ ಲಿನಕ್ಸ್’ ಎಂಬ ಸ್ವದೇಶಿ ಆಪರೇಟಿಂಗ್ ಸಿಸ್ಟಂಗಾಗಿ. ಭದ್ರತೆಗೆಂದು ಮನೆ ಬದಲಿಸಿದವರ ಹೊಸ ವಿಳಾಸವನ್ನು ಕಳ್ಳರು ಪತ್ತೆ ಹಚ್ಚಿದ್ದರು.

ಇದಕ್ಕೆ ಎರಡು ವರ್ಷ ಮುನ್ನ, 2023ರ ಆಗಸ್ಟ್‌ನಲ್ಲಿ, ರಕ್ಷಣಾ ಸಚಿವಾಲಯ ತನ್ನ ಗಣಕಗಳಲ್ಲಿ ವಿಂಡೋಸ್ ತೆಗೆದು ಉಬುಂಟು ಆಧಾರಿತ ‘ಮಾಯಾ’ ಅಳವಡಿಸಲಿದೆ ಎಂಬ ಸುದ್ದಿ ದೇಶದ ಗಮನ ಸೆಳೆದಿತ್ತು. ಜೊತೆಗೆ ‘ಚಕ್ರವ್ಯೂಹ’ ಎಂಬ ರಕ್ಷಣಾ ತಂತ್ರಾಂಶ. ಹೆಸರುಗಳಲ್ಲಿ ಮಹಾಭಾರತದ ಗತ್ತಿದ್ದರೂ ಉದ್ದೇಶ ಸರಳವಾಗಿತ್ತು: ಇನ್ನೊಂದು ದೇಶದ ಕಂಪನಿಯೊಂದರ ಕೈಯಲ್ಲಿರುವ, ಒಳಗೇನಿದೆಯೆಂದು ನೋಡಲಾಗದ ತಂತ್ರಾಂಶದ ಮೇಲೆ ದೇಶದ ರಕ್ಷಣಾ ಕಡತಗಳು ಅವಲಂಬಿತವಾಗಿರಬಾರದು.

ಅದೇ ಚರ್ಚೆ ಈಗ ಸಾಮಾನ್ಯ ಕಚೇರಿಗಳಿಗೂ ಇಳಿದುಬಂದಿದೆ. ವಿಂಡೋಸ್ 10ಕ್ಕೆ ನೀಡುತ್ತಿದ್ದ ಉಚಿತ ಬೆಂಬಲವನ್ನು ಮೈಕ್ರೋಸಾಫ್ಟ್ 2025ರ ಅಕ್ಟೋಬರ್ 14ರಂದು ನಿಲ್ಲಿಸಿತು. ವಿಂಡೋಸ್ 11 ಬೇಕೆಂದರೆ ಟಿಪಿಎಂ 2.0 ಎಂಬ ಭದ್ರತಾ ಚಿಪ್ ಹಾಗೂ ಹೊಸ ತಲೆಮಾರಿನ ಪ್ರೊಸೆಸರ್ ಇರಬೇಕು. ಚೆನ್ನಾಗಿಯೇ ಕೆಲಸ ಮಾಡುತ್ತಿರುವ ಹಳೆಯ ಯಂತ್ರಗಳು ಇದರಿಂದಾಗಿ ಹೊರಗುಳಿದವು. ಹೆಚ್ಚುವರಿ ಭದ್ರತಾ ಪರಿಷ್ಕರಣೆ ಬೇಕಾದ ಸಂಸ್ಥೆಗಳು ಮೊದಲ ವರ್ಷಕ್ಕೆ ಪ್ರತಿ ಗಣಕಕ್ಕೆ 61 ಡಾಲರ್ ತೆರಬೇಕು. ಪ್ರತಿ ವರ್ಷ ಅದು ದುಪ್ಪಟ್ಟಾಗುತ್ತದೆ, ಮೂರು ವರ್ಷಕ್ಕೆ ಬಾಗಿಲು ಮುಚ್ಚುತ್ತದೆ. ಹೀಗಿರುವಾಗ ‘ಲಿನಕ್ಸ್ ಹಾಕಿಬಿಡೋಣ, ದುಡ್ಡೂ ಉಳಿಯಿತು, ವೈರಸ್ ಕಾಟವೂ ತಪ್ಪಿತು’ ಎಂಬ ಮಾತು ಆಕರ್ಷಕವಾಗಿ ಕೇಳುವುದು ಸಹಜ.

ಆ ಮಾತಿನಲ್ಲಿ ಹುರುಳಿಲ್ಲವೆಂದಲ್ಲ. ಲಿನಕ್ಸ್‌ನಲ್ಲಿ ಸಾಮಾನ್ಯ ಬಳಕೆದಾರನಿಗೆ ಇಡೀ ವ್ಯವಸ್ಥೆಯನ್ನು ಬದಲಿಸುವ ಅಧಿಕಾರ ತಾನಾಗಿ ಸಿಗುವುದಿಲ್ಲ. ತಂತ್ರಾಂಶಗಳನ್ನು ಅಂತರ್ಜಾಲದ ಬೀದಿಬದಿಯಿಂದ ಆಯ್ದುಕೊಳ್ಳುವ ಬದಲು, ಡಿಜಿಟಲ್ ಸಹಿಯಿರುವ ಅಧಿಕೃತ ಭಂಡಾರದಿಂದ ಪಡೆಯುವುದು ಅಲ್ಲಿನ ರೂಢಿ. ಪರಿಷ್ಕರಣೆಗಳೂ ಅಲ್ಲಿಂದಲೇ, ಒಟ್ಟಾಗಿ ಬರುತ್ತವೆ. ಆಕರ ಸಂಕೇತ ಮುಕ್ತವಾಗಿರುವುದರಿಂದ ಸಿ-ಡ್ಯಾಕ್‌ನಂಥ ಸಂಸ್ಥೆ ಅದನ್ನು ಸಾಲುಸಾಲಾಗಿ ಪರೀಕ್ಷಿಸಬಹುದು, ಬೇಡದ್ದನ್ನು ಕಿತ್ತೆಸೆಯಬಹುದು. ಮೇಜಿನ ಮೇಲಿನ ಗಣಕಗಳಲ್ಲಿ ಲಿನಕ್ಸ್ ಬಳಸುವವರು ಕಡಿಮೆ ಇರುವುದರಿಂದ ಸಾರಾಸಗಟಾಗಿ ಹರಡುವ ವೈರಸ್‌ಗಳ ಕಣ್ಣು ಅದರ ಮೇಲೆ ಬೀಳುವುದೂ ಕಡಿಮೆ. ಆದರೆ ಈ ಕೊನೆಯ ಲಾಭ ಗುರಿಯಿಟ್ಟು ಬರುವ ಬೇಹುಗಾರನ ಎದುರು ನಡೆಯುವುದಿಲ್ಲ. ಬಾಸ್ ಪ್ರಕರಣವೇ ಇದಕ್ಕೆ ಸಾಕ್ಷಿ.

ವಿಂಡೋಸ್ ವಿರುದ್ಧ ಸದಾ ಮುಂದಿಡುವ ಉದಾಹರಣೆ 2017ರ ಮೇ 12ರಂದು ಸ್ಫೋಟಿಸಿದ ‘ವಾನಾಕ್ರೈ’. ಬ್ರಿಟನ್ನಿನ ಸರ್ಕಾರಿ ಆಸ್ಪತ್ರೆಗಳನ್ನು ಅದು ಕಂಗೆಡಿಸಿತು, ಆಂಧ್ರಪ್ರದೇಶದ ಪೊಲೀಸ್ ಗಣಕಗಳಿಗೂ ನುಗ್ಗಿತು. ಆದರೆ ಅದು ಬಳಸಿಕೊಂಡ ದೋಷಕ್ಕೆ ಮೈಕ್ರೋಸಾಫ್ಟ್ ಮಾರ್ಚ್ 14ರಂದೇ ತೇಪೆ ಬಿಡುಗಡೆ ಮಾಡಿತ್ತು ಎಂಬುದನ್ನು ಬಹುತೇಕರು ಮರೆಯುತ್ತಾರೆ. ಹೆಚ್ಚಾಗಿ ಬಲಿಯಾದದ್ದು ಆ ಎರಡು ತಿಂಗಳು ತೇಪೆ ಹಾಕದೆ ಕುಳಿತವರು ಮತ್ತು ಬೆಂಬಲ ಮುಗಿದ ಆವೃತ್ತಿಗಳನ್ನೇ ನೆಚ್ಚಿಕೊಂಡವರು.

ಹಾಗಾದರೆ ಮುಕ್ತ ತಂತ್ರಾಂಶದಲ್ಲಿ ದೋಷವನ್ನು ಯಾರಾದರೂ ಬೇಗನೆ ಕಂಡುಹಿಡಿಯುವರೇ? ಯಾರು ಬೇಕಾದರೂ ನೋಡಬಹುದು ಎಂಬುದಕ್ಕೂ ಯಾರಾದರೂ ನೋಡುತ್ತಿದ್ದಾರೆ ಎಂಬುದಕ್ಕೂ ಅಜಗಜಾಂತರವಿದೆ. ಅಂತರ್ಜಾಲದ ಬಹುಪಾಲು ಸುರಕ್ಷಿತ ವಹಿವಾಟಿಗೆ ಆಧಾರವಾದ ಓಪನ್‌ಎಸ್‌ಎಸ್‌ಎಲ್‌ನಲ್ಲಿ ‘ಹಾರ್ಟ್‌ಬ್ಲೀಡ್’ ದೋಷ 2012ರಲ್ಲಿ ಸೇರಿಕೊಂಡಿತ್ತು. ಬೆಳಕಿಗೆ ಬಂದದ್ದು 2014ರ ಏಪ್ರಿಲ್‌ನಲ್ಲಿ. ಇದಕ್ಕಿಂತ ಕಳವಳಕಾರಿಯಾದದ್ದು 2024ರ ಪ್ರಕರಣ. ‘ಎಕ್ಸ್‌ಝಡ್ ಯುಟಿಲ್ಸ್’ ಎಂಬ ಪುಟ್ಟ ತಂತ್ರಾಂಶವನ್ನು ಸ್ವಯಂಸೇವಕರೊಬ್ಬರು ಹೆಚ್ಚುಕಡಿಮೆ ಒಬ್ಬಂಟಿಯಾಗಿ ನಿರ್ವಹಿಸುತ್ತಿದ್ದರು. ‘ಜಿಯಾ ಟಾನ್’ ಎಂಬ ಹೆಸರಿನಲ್ಲಿ ನೆರವಿಗೆ ಬಂದ ವ್ಯಕ್ತಿ, ಅಥವಾ ಗುಂಪು, ಎರಡು ವರ್ಷಕ್ಕೂ ಹೆಚ್ಚು ಕಾಲ ಪ್ರಾಮಾಣಿಕವಾಗಿ ದುಡಿದಂತೆ ತೋರಿಸಿಕೊಂಡು, ನಂಬಿಕೆ ಗಳಿಸಿ, ಕೊನೆಗೆ 5.6.0 ಮತ್ತು 5.6.1 ಆವೃತ್ತಿಗಳಲ್ಲಿ ಹಿಂಬಾಗಿಲೊಂದನ್ನು ಇಟ್ಟುಬಿಟ್ಟಿತು. ಆಂಡ್ರೆಸ್ ಫ್ರಾಯಿಂಡ್ ಎಂಬ ಎಂಜಿನಿಯರ್, ದೂರದ ಗಣಕಕ್ಕೆ ಲಾಗಿನ್ ಆಗುವಾಗ ಸುಮಾರು ಅರ್ಧ ಸೆಕೆಂಡ್ ತಡವಾಗುತ್ತಿದೆಯೇಕೆಂದು ತಲೆ ಕೆಡಿಸಿಕೊಂಡದ್ದರಿಂದ ಮಾರ್ಚ್ 29ರಂದು ಅದು ಬಯಲಾಯಿತು. ಪ್ರಮುಖ ಲಿನಕ್ಸ್ ವಿತರಣೆಗಳ ಸ್ಥಿರ ಆವೃತ್ತಿಗಳಿಗೆ ಅದಿನ್ನೂ ತಲುಪಿರಲಿಲ್ಲ. ಅಂದಹಾಗೆ, ಫ್ರಾಯಿಂಡ್ ಉದ್ಯೋಗದಲ್ಲಿದ್ದದ್ದು ಮೈಕ್ರೋಸಾಫ್ಟ್‌ನಲ್ಲಿ!

ಆಕರ ಸಂಕೇತ ಮುಕ್ತವಾಗಿದ್ದರಿಂದಲೇ ಅವರು ಜಾಡು ಹಿಡಿದು ಮೂಲ ತಲುಪಲು ಸಾಧ್ಯವಾಯಿತೆಂಬುದು ನಿಜ. ಸಂಬಳ ಪಡೆದು, ಸಮಯವಿದ್ದು, ಕುತೂಹಲವಿದ್ದ ಒಬ್ಬ ಪರಿಣತ ಅಲ್ಲಿದ್ದದ್ದೂ ಅಷ್ಟೇ ನಿಜ. ಲಿನಕ್ಸ್‌ಗೆ ಹೊರಡುವ ಸರ್ಕಾರಗಳು ಲೆಕ್ಕ ಹಾಕದೆ ಬಿಡುವುದು ಈ ಪರಿಣತನನ್ನೇ. ವಿಂಡೋಸ್ ಪರವಾನಗಿಗೆ ಕೊಡುತ್ತಿದ್ದ ಹಣ ‘ಉಳಿತಾಯ’ದ ಕಲಂಗೆ ಹೋಗುತ್ತದೆ, ಹೊಸ ವ್ಯವಸ್ಥೆಯನ್ನು ಕಾಯುವವರ ಹುದ್ದೆಗಳು ಮಂಜೂರಾಗುವುದೇ ಇಲ್ಲ.

ಸ್ವಂತ ಹೆಸರಿನ ಆಪರೇಟಿಂಗ್ ಸಿಸ್ಟಂ ಮಾಡಿಕೊಂಡರಂತೂ ಹೊಣೆ ಇನ್ನೂ ಹೆಚ್ಚು. ಉಬುಂಟುವಿನ ದೀರ್ಘಾವಧಿ ಆವೃತ್ತಿಗೆ 5 ವರ್ಷ ಉಚಿತವಾಗಿ ಭದ್ರತಾ ಪರಿಷ್ಕರಣೆ ದೊರೆಯುತ್ತದೆ. ಮೂಲದಲ್ಲಿ ದೋಷವೊಂದು ಪತ್ತೆಯಾಗಿ ತೇಪೆ ಹೊರಬಿದ್ದ ದಿನವೇ ಅದು ಜಗತ್ತಿಗೆಲ್ಲ ಗೊತ್ತಾಗುತ್ತದೆ, ದಾಳಿಕೋರರಿಗೂ. ಅದನ್ನು ಪರೀಕ್ಷಿಸಿ ‘ಮಾಯಾ’ ಅಥವಾ ‘ಬಾಸ್’ ಬಳಸುವ ಗಣಕಗಳಿಗೆ ತಲುಪಿಸಲು ಹಿಡಿಯುವ ಪ್ರತಿ ದಿನವೂ ಬಾಗಿಲು ತೆರೆದಿಟ್ಟ ದಿನ. ಆ ಅಂತರ ವಾರಗಳಿಗೆ ಬೆಳೆದರೆ, ಸಕಾಲಕ್ಕೆ ಪರಿಷ್ಕರಣೆ ಪಡೆಯುವ ವಿಂಡೋಸ್ 11ಕ್ಕಿಂತ ಸ್ವದೇಶಿ ಲಿನಕ್ಸ್ ದುರ್ಬಲವೆನಿಸುತ್ತದೆ.

ದೆಹಲಿಯ ಏಮ್ಸ್ ಆಸ್ಪತ್ರೆಯ ಸರ್ವರ್‌ಗಳ ಮೇಲೆ 2022ರ ನವೆಂಬರ್‌ನಲ್ಲಿ ನಡೆದ ದಾಳಿಗೆ ಸರ್ಕಾರ ಸಂಸತ್ತಿನಲ್ಲಿ ನೀಡಿದ ಕಾರಣ, ಜಾಲವನ್ನು ಸರಿಯಾಗಿ ವಿಭಾಗಿಸಿರಲಿಲ್ಲ ಎಂಬುದು. ಅಂಥ ಲೋಪವನ್ನು ಯಾವ ಆಪರೇಟಿಂಗ್ ಸಿಸ್ಟಂ ಕೂಡ ಮುಚ್ಚಲಾರದು.

ಜರ್ಮನಿಯ ಮ್ಯೂನಿಕ್ ನಗರಾಡಳಿತದ ಅನುಭವವನ್ನು ಎರಡೂ ಪಾಳಯದವರು ತಮ್ಮ ಕಡೆಗೆ ಎಳೆದುಕೊಳ್ಳುತ್ತಾರೆ. ವಿಂಡೋಸ್ ಎನ್‌ಟಿ 4 ಬೆಂಬಲ ಮುಗಿಯುವ ಹೊತ್ತಿಗೆ, 2003ರಲ್ಲಿ, ಅದು ಲಿನಕ್ಸ್ ಆರಿಸಿಕೊಂಡಿತು. ಮೈಕ್ರೋಸಾಫ್ಟ್ ಮುಖ್ಯಸ್ಥ ಸ್ಟೀವ್ ಬಾಲ್ಮರ್ ಖುದ್ದಾಗಿ ಮೇಯರ್ ಬಳಿ ಬಂದರೂ ಮನಸ್ಸು ಬದಲಾಗಲಿಲ್ಲ. ಸುಮಾರು 15 ಸಾವಿರ ಗಣಕಗಳನ್ನು ಬದಲಿಸಿ ಮುಗಿದದ್ದು 2013ರಲ್ಲಿ. 2017ರಲ್ಲಿ ಹೊಸ ಆಡಳಿತ ವಿಂಡೋಸ್‌ಗೆ ಮರಳುವ ನಿರ್ಧಾರ ಮಾಡಿತು. ಸಲಹಾ ಸಂಸ್ಥೆಯ ವರದಿ ಬೊಟ್ಟು ಮಾಡಿದ್ದು ಹೆಚ್ಚಾಗಿ ಇಲಾಖೆಗಳಲ್ಲಿ ಹರಿದು ಹಂಚಿಹೋಗಿದ್ದ ತಾಂತ್ರಿಕ ಆಡಳಿತದ ಕಡೆಗೆ. ಅದೇ ದೇಶದ ಶ್ಲೆಸ್‌ವಿಗ್-ಹೋಲ್‌ಸ್ಟೈನ್ ರಾಜ್ಯ 2024ರಲ್ಲಿ 30 ಸಾವಿರ ಗಣಕಗಳ ಬದಲಾವಣೆಗೆ ಹೊರಟಾಗ ಮೊದಲು ಲಿಬ್ರೆಆಫೀಸ್, ಆಮೇಲೆ ಇ-ಮೇಲ್, ಲಿನಕ್ಸ್ ಅದರ ನಂತರ ಎಂಬ ಕ್ರಮವನ್ನಿಟ್ಟುಕೊಂಡಿತು.

ಅಷ್ಟು ದೂರ ಹೋಗಬೇಕಾಗಿಲ್ಲ. ನೆರೆಯ ಕೇರಳದ ಸರ್ಕಾರಿ ಶಾಲೆಗಳು ಬಹುಕಾಲದಿಂದ ಲಿನಕ್ಸ್ ಬಳಸುತ್ತಿವೆ. 2001ರಲ್ಲಿ ಆರಂಭವಾದ ಐಟಿ@ಸ್ಕೂಲ್ ಯೋಜನೆ ಈಗ ‘ಕೈಟ್’ ಎಂಬ ಸರ್ಕಾರಿ ಸಂಸ್ಥೆ. ಶಾಲೆಗಳಿಗೆ ಬೇಕಾದ ಆವೃತ್ತಿಯನ್ನು ಅದೇ ರೂಪಿಸುತ್ತದೆ, ಶಿಕ್ಷಕರಿಗೆ ತರಬೇತಿ ಕೊಡುತ್ತದೆ. ಕೆಟ್ಟರೆ ಯಾರನ್ನು ಕೇಳಬೇಕೆಂಬುದು ಅಲ್ಲಿನ ಶಿಕ್ಷಕರಿಗೆ ಗೊತ್ತು.

ಕರ್ನಾಟಕದ ಕಚೇರಿಗಳಲ್ಲಿ ಈ ಮಾತೆತ್ತಿದರೆ ಮೊದಲು ಎದುರಾಗುವ ಪ್ರಶ್ನೆ ‘ನುಡಿ’ಯದು. ಅದನ್ನು ವಿಂಡೋಸ್‌ಗಾಗಿ ರೂಪಿಸಲಾಗಿದೆ, ಲಿನಕ್ಸ್‌ನಲ್ಲಿ ಕನ್ನಡ ಬರುವುದಿಲ್ಲ ಎಂಬ ನಂಬಿಕೆ ಬೆರಳಚ್ಚುಗಾರರಲ್ಲಿ ಬೇರೂರಿದೆ. ವಾಸ್ತವವಾಗಿ ಅದೇ ಕೆಜಿಪಿ ಕೀಲಿಮಣೆ ವಿನ್ಯಾಸ ಲಿನಕ್ಸ್‌ನಲ್ಲಿ ಬಹಳ ಹಿಂದಿನಿಂದಲೂ ಲಭ್ಯ. ಬೆರಳುಗಳು ಹೊಸದಾಗಿ ಏನನ್ನೂ ಕಲಿಯಬೇಕಾಗಿಲ್ಲ. ನಿಜವಾದ ತೊಡಕಿರುವುದು ಯೂನಿಕೋಡ್‌ಗೆ ಮೊದಲು ಸಿದ್ಧವಾದ ಹಳೆಯ ಕಡತಗಳಲ್ಲಿ. ಅವುಗಳಲ್ಲಿ ಕನ್ನಡ ಇರುವುದು ಫಾಂಟ್‌ನ ವೇಷದಲ್ಲಿ ಮಾತ್ರ. ಫಾಂಟ್ ಕಳಚಿದರೆ ಉಳಿಯುವುದು ಅರ್ಥವಿಲ್ಲದ ರೋಮನ್ ಅಕ್ಷರ ಮತ್ತು ಚಿಹ್ನೆಗಳ ರಾಶಿ. ಇದರ ಜೊತೆಗೆ ಡಿಜಿಟಲ್ ಸಹಿಯ ಟೋಕನ್, ಸ್ಕ್ಯಾನರ್‌ಗಳಿಗೆ ಬೇಕಾದ ಚಾಲಕ ತಂತ್ರಾಂಶಗಳನ್ನು ಕಂಪನಿಗಳು ವಿಂಡೋಸ್‌ಗೆ ಮೊದಲು, ಲಿನಕ್ಸ್‌ಗೆ ಮನಸ್ಸಾದರೆ, ಎಂಬಂತೆ ಒದಗಿಸುತ್ತವೆ. ಖರೀದಿ ಟೆಂಡರ್‌ನಲ್ಲಿ ಒಂದು ಸಾಲು ಸೇರಿಸಿದರೆ ಇದಕ್ಕೆ ಪರಿಹಾರವಿದೆ.

ಹಳೆಯ ಕಡತಗಳನ್ನು ಯೂನಿಕೋಡ್‌ಗೆ ತರಲು ಸ್ವಯಂಸೇವಕರು ರೂಪಿಸಿದ ಮುಕ್ತ ಪರಿವರ್ತಕಗಳೇ ಇವೆ. ಒತ್ತಕ್ಷರಗಳಲ್ಲಿ ಅಲ್ಲಲ್ಲಿ ಎಡವುವುದರಿಂದ ಕನ್ನಡ ಬಲ್ಲವರು ಒಮ್ಮೆ ಓದಿ ತಿದ್ದಬೇಕು. ಈ ಕೆಲಸಕ್ಕೆ ಲಿನಕ್ಸ್ ಬರುವವರೆಗೆ ಕಾಯಬೇಕಾಗಿಲ್ಲ, ಇರುವ ವಿಂಡೋಸ್ ಗಣಕಗಳಲ್ಲೇ ಆರಂಭಿಸಬಹುದು.