ಮಂಗನ ಕಾಯಿಲೆ: ತಪ್ಪು ವೈರಸ್‌ದಾ, ನಮ್ದಾ?

ಬೈಂದೂರಿನಿಂದ ಕೊಲ್ಲೂರು ದಾಟಿ ಘಾಟಿ ಹತ್ತಿದರೆ ಶಿವಮೊಗ್ಗ ಜಿಲ್ಲೆ. 1957ರಲ್ಲಿ ಮಂಗನ ಕಾಯಿಲೆಯ ವೈರಸ್ ಮೊದಲು ಸಿಕ್ಕಿದ್ದು ಅಲ್ಲಿನ ಕ್ಯಾಸನೂರು ಕಾಡಿನಲ್ಲಿ. ಮಂಗ ಸತ್ತ ಸುದ್ದಿ ಬಂದರೆ ಸಾಕು, ನಮ್ಮ ಅಮ್ಮಮ್ಮ ತರಗೆಲೆ ತರೋಕೆ ಹಾಡಿಗೆ ಹೋಗೋದನ್ನೇ ಬಿಡ್ತಾರೆ.

ದಶಕಗಳ ಕಾಲ ಕೊಟ್ಟ ಲಸಿಕೆ ಸರಿಯಾಗಿ ಕೆಲಸ ಮಾಡ್ತಿಲ್ಲ ಅಂತ 2022ರಲ್ಲಿ ನಿಲ್ಲಿಸಿದರು. ಯಾಕೆ ಅಂತ ಹಾಸ್ಟೆಲಲ್ಲಿ ಕೇಳಿದರೆ ಎಲ್ಲರದ್ದೂ ಒಂದೇ ಉತ್ತರ: “ವೈರಸ್ ಮ್ಯುಟೇಟ್ ಆಯ್ತು ಮಾರಾಯ.” ಕೋವಿಡ್ ಕಲಿಸಿದ ಪಾಠ! ನಾನು ಇದನ್ನು ಪೂರ್ತಿ ಒಪ್ಪಲ್ಲ.

ಕೋವಿಡ್, ಫ್ಲೂ ಮನುಷ್ಯರಿಂದ ಮನುಷ್ಯರಿಗೆ ಹರಡ್ತವೆ. ನಮ್ಮ ಪ್ರತಿಕಾಯಗಳ ಕಣ್ಣು ತಪ್ಪಿಸಿದ ರೂಪವೇ ಉಳಿದು ಮುಂದೆ ಹೋಗ್ತದೆ. ಅದಕ್ಕೇ ಫ್ಲೂ ಲಸಿಕೆಗೆ ಯಾವ ತಳಿ ಬೇಕು ಅಂತ ಡಬ್ಲ್ಯುಎಚ್‌ಒ ವರ್ಷಕ್ಕೆ 2 ಸಲ ನೋಡ್ತದೆ. ಮಂಗನ ಕಾಯಿಲೆ ಹಾಗಲ್ಲ. ಅದು ಉಣುಗು ಕಚ್ಚಿ ಬರ್ತದೆ, ನಮ್ಮಿಂದ ಇನ್ನೊಬ್ಬರಿಗೆ ಹರಡಲ್ಲ. ನಮ್ಮ ಮೈಯೊಳಗೆ ತಪ್ಪಿಸಿಕೊಳ್ಳೋದು ಕಲಿತರೂ ಆ ವೈರಸ್ಸಿನ ಕಥೆ ಅಲ್ಲಿಗೇ ಮುಗೀತು. ಅದು ಬದಲಾಗೋದು ಕಾಡಿನ ಉಣುಗು, ಇಲಿ, ಮಂಗಗಳ ನಡುವೆ. ನಮ್ಮ ಲಸಿಕೆಯನ್ನು ಸೋಲಿಸಬೇಕಾದ ದರ್ದು ಅದಕ್ಕಿಲ್ಲ.

ನಮ್ಮ ಪಾಲೇನು ಕಡಿಮೆಯೇ? ದಶಕಗಳ ಹಿಂದಿನ ತಳಿ, ಸ್ವಲ್ಪ ಕಾಲದ ರಕ್ಷಣೆ, ಮತ್ತೆ ಮತ್ತೆ ಬೂಸ್ಟರ್, ನೋವಿಗೆ ಹೆದರಿ ಮುಂದಿನ ಡೋಸಿಗೆ ಬಾರದ ಜನ.

ಈ ವೈರಸ್ಸಿನ ಜೀನೋಮ್ 11,000 ಅಕ್ಷರಕ್ಕೂ ಕಡಿಮೆ. ಜೆನ್‌ಬ್ಯಾಂಕಿನಲ್ಲಿ ಪುಕ್ಕಟೆ ಸಿಗ್ತದೆ, ಪೈಥಾನಿಗೆ ಅದು ಫೈಲೇ ಅಲ್ಲ. ಮಿನಿ ಪ್ರಾಜೆಕ್ಟಿಗೆ ಅದೇ ಮನೆ ಬೆಲೆ ಪ್ರೆಡಿಕ್ಷನ್ ಬಿಟ್ಟು, 1957ರ ತಳಿಯ ಹೊರಕವಚದ ಪ್ರೋಟೀನನ್ನು ಈಚಿನದ್ದರ ಪಕ್ಕ ಇಟ್ಟು ನೋಡುವ. ಯಾರು ಬರ್ತೀರಿ?