ಹಸುಗೆ ಇರೋ ವ್ಯವಸ್ಥೆ ಹೊಲದ ಕೂಲಿಯವಳಿಗೆ ಯಾಕಿಲ್ಲ?

ರಾಗಿ ವಿಷಯ ಕೊಯ್ಲಾದ ಮೇಲೆ ಬರೀತೀನಿ. ಇವತ್ತು ಬಿಪಿ ವಿಷಯ. ಉದ್ದ ಆಯ್ತು ಅಂತ ಬಿಟ್ಟು ಹೋಗ್ಬೇಡಿ.

ಯಾವ ಗ್ರಾಮಸಭೆಗೆ ಹೋದ್ರೂ ಆಸ್ಪತ್ರೆ ಮಾತು ಬಂದಾಗ ಕೂಗೋದು ಎರಡೇ: ಬಿಲ್ಡಿಂಗ್ ಕೊಡಿ, ಡಾಕ್ಟರ್ ಕೊಡಿ. ಡಾಕ್ಟರ್ ಬೇಡ ಅಂತ ನಾನು ಹೇಳ್ತಿಲ್ಲ. ಹಾವು ಕಚ್ಚಿದ್ರೆ, ಎದೆ ನೋವು ಬಂದ್ರೆ ಬೇಕೇ ಬೇಕು. ಆದ್ರೆ ಬಿಪಿ, ಶುಗರ್‌ಗೆ ಒಬ್ಬ ಡಾಕ್ಟರಿಂದ ಆಗಲ್ಲ.

ನಮ್ಮ ಕೊಟ್ಟಿಗೆನೇ ನೋಡಿ. ಡೈರಿಯಲ್ಲಿ ಹಾಲು ಅಳೆಯೋರೊಬ್ಬರು, ಫ್ಯಾಟ್ ನೋಡೋರೊಬ್ಬರು, ಹಸು ಬೆದೆಗೆ ಬಂದ್ರೆ ಸೂಜಿ ಹಾಕೋಕೆ ಒಬ್ಬರು, ಕೆಚ್ಚಲು ಬಾವು ಕೈಮೀರಿದ್ರೆ ವೆಟರ್ನರಿ ಡಾಕ್ಟರು. ಎರಡು ಹೊತ್ತು ಹಾಲು ಹಾಕದಿದ್ರೆ ಸೆಕ್ರೆಟರಿನೇ ಕೇಳ್ತಾನೆ, ಯಾಕಪ್ಪ ಏನಾಯ್ತು ಅಂತ. ಮಾತ್ರೆ ನಿಲ್ಲಿಸಿದ ಮನುಷ್ಯನ್ನ ಹಂಗೆ ಕೇಳೋರು ಯಾರು?

ಬಿಪಿ ನೋಯಲ್ಲ, ಅದೇ ಅದರ ಮೋಸ. ಕ್ಯಾಂಪ್ ಹಾಕಿ, ಅಳೆದು, ಹದಿನೈದು ದಿನದ ಮಾತ್ರೆ ಕೊಟ್ಟು, ಫೋಟೋ ಹೊಡಿಸ್ಕೊಂಡು ಹೋಗ್ತಾರೆ. ಹದಿನಾರನೇ ದಿನಕ್ಕೆ ಮಾತ್ರೆ ಖಾಲಿ. ಆಮೇಲೆ ಲಕ್ವ ಹೊಡೀಬೇಕು, ಇಲ್ಲ ಕಿಡ್ನಿ ಹೋಗಿ ವಾರಕ್ಕೆ ಎರಡು ಮೂರು ಸಲ ಡಯಾಲಿಸಿಸ್‌ಗೆ ಓಡಾಡ್ಬೇಕು, ಆಗ್ಲೇ ಗೊತ್ತಾಗೋದು. ಬೈಕ್ ಇರೋನು ಪೇಟೆಗೆ ಹೋಗಿ ತೋರಿಸ್ಕೋತಾನೆ. ನಮ್ಮ ಹೊಲದಲ್ಲಿ ಕಳೆ ಕೀಳೋ ಹೆಂಗಸು? ಶಕ್ತಿ ಯೋಜನೆಯಲ್ಲಿ ಅವಳಿಗೆ ಬಸ್ಸು ಫ್ರೀ, ಆದ್ರೆ ಆ ದಿನದ ಕೂಲಿ ಹೋಯ್ತಲ್ಲ! ಮಾತ್ರೆ ಬೆಲೆಗಿಂತ ಅದೇ ಜಾಸ್ತಿ.

ಕಾಗದದ ಮೇಲೆ ವ್ಯವಸ್ಥೆ ಚೆನ್ನಾಗೇ ಇದೆ. ಬಯಲುಸೀಮೆಯಲ್ಲಿ 5,000 ಜನಕ್ಕೊಂದು ಉಪಕೇಂದ್ರ, 30,000 ಜನಕ್ಕೊಂದು ಪಿಎಚ್‌ಸಿ, ಸುಮಾರು 1,000 ಜನಕ್ಕೊಬ್ಬ ಆಶಾ. 2018ರಲ್ಲಿ ಆಯುಷ್ಮಾನ್ ಭಾರತ್ ಬಂದ ಮೇಲೆ ಉಪಕೇಂದ್ರಕ್ಕೆ ಸಿಎಚ್‌ಒ ಅಂತ ನರ್ಸಿಂಗ್ ಓದಿದೋರನ್ನೂ ಹಾಕ್ತಿದ್ದಾರೆ. ಮೂವತ್ತು ದಾಟಿದೋರ ಪಟ್ಟಿ ಆಶಾ ಮಾಡ್ಬೇಕು, ಸಿಎಚ್‌ಒ ಬಿಪಿ ಶುಗರ್ ಅಳೀಬೇಕು, ಮಾತ್ರೆ ಯಾವ್ದು ಅಂತ ಡಾಕ್ಟರ್ ತೀರ್ಮಾನ ಮಾಡ್ಬೇಕು, ಬೇಕಾದ್ರೆ ಇ-ಸಂಜೀವಿನಿ ವಿಡಿಯೋದಲ್ಲೇ. ತಿಂಗಳ ಮಾತ್ರೆ ಊರಿನ ಹತ್ರನೇ ಸಿಗ್ಬೇಕು. ಬರದೇ ಇದ್ದೋರ ಬಾಗಿಲನ್ನ ಆಶಾ ತಟ್ಟಬೇಕು. ಇದ್ರಲ್ಲಿ ಒಂದು ಕೊಂಡಿ ಕಳಚಿದ್ರೂ ಮಿಕ್ಕಿದ್ದೆಲ್ಲ ವ್ಯರ್ಥ.

ಆ ಕೊಂಡಿಗಳನ್ನ ಹೆಂಗೆ ಇಟ್ಕೊಂಡಿದ್ದೀವಿ ನೋಡಿ. ಸಿಎಚ್‌ಒ ಗುತ್ತಿಗೆ ನೌಕರಿ. ಆಶಾಗೆ ಸಂಬಳನೇ ಅಲ್ಲ, ಗೌರವಧನ. 2025ರ ಜನವರಿಯಲ್ಲಿ ಚಳಿಯಲ್ಲಿ ಹಗಲೂ ರಾತ್ರಿ ಫ್ರೀಡಂ ಪಾರ್ಕಲ್ಲಿ ಕೂತು ತಿಂಗಳಿಗೆ 15,000 ಕೇಳಿದ್ರು. ಆಗ ಇಲ್ಲಿ ಅರಳಿಕಟ್ಟೆ ಮೇಲೆ ಕೂತು 'ಇವರಿಗ್ಯಾಕೆ ಅಷ್ಟು' ಅಂದೋರು ಇದ್ದಾರೆ. ಅವರವ್ವಂಗೆ ಮಾತ್ರೆ ನೆನಪು ಮಾಡ್ತಿದ್ದಿದ್ದು ಯಾರು ಅಂತ ಮನೇಲಿ ಕೇಳ್ಲಿ.

ಮುಂದಿನ ಗ್ರಾಮಸಭೆಯಲ್ಲಿ ಬಿಲ್ಡಿಂಗ್ ಅರ್ಜಿ ಪಕ್ಕಕ್ಕಿಡಿ. ಉಪಕೇಂದ್ರದ ಬಾಗಿಲು ವಾರಕ್ಕೆ ಎಷ್ಟು ದಿನ ತೆಗೆದಿತ್ತು ಕೇಳಿ. ಬಿಪಿ ಮಿಷನ್‌ಗೆ ಸೆಲ್ ಇದೆಯಾ ಕೇಳಿ. ಗ್ರಾಮ ಆರೋಗ್ಯ ಸಮಿತಿ ಸಭೆ ನಡೆದಿದ್ರೆ ಪುಸ್ತಕ ತೋರಿಸಿ ಅನ್ನಿ. ಹೋದ ತಿಂಗಳು ಮಾತ್ರೆಗೆ ಬರದೇ ಇದ್ದೋರು ಎಷ್ಟು ಜನ ಅನ್ನೋದನ್ನೂ ಕೇಳಿ. ಹೆಸರು ಓದಿಸ್ಬೇಡಿ, ಸಂಖ್ಯೆ ಸಾಕು.